ನೂರು ಮೀಟರಿನ ಭಾವ

ಹಳೇಬೀಡಿನಲ್ಲಿ ನಮ್ಮ ಭಾವನ ಮನೆ ಹೊಯ್ಸಳೇಶ್ವರನ ಗುಡಿಗೆ ಎಷ್ಟು ಹತ್ತಿರವೆಂದರೆ, ಅಕ್ಕ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಅಲ್ಲಿನ ನಂದಿ ಸೀನಬೇಕು. ಭಾವನ ಅಪ್ಪ ಇದನ್ನು ಪುಣ್ಯವೆಂದು ಬಗೆದೇ ಕಣ್ಣು ಮುಚ್ಚಿದರು. ಭಾವನ ಕಾಲಕ್ಕೆ ಆ ಪುಣ್ಯವನ್ನು ಮೀಟರಿನಲ್ಲಿ ಅಳೆದುಬಿಟ್ಟರು.

1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಗುಡಿಯ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಭಾವ ಮೊದಲನೆಯದರಲ್ಲಿ ಮಲಗುತ್ತಾರೆ, ಎರಡನೆಯದರಲ್ಲಿ ಕಾಫಿ ಕುಡಿಯುತ್ತಾರೆ. 100 ಮೀಟರಿನೊಳಗೆ ಹೊಸದೇನನ್ನಾದರೂ ಕಟ್ಟಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮನೆ 16 ಜೂನ್ 1992ಕ್ಕಿಂತ ಹಿಂದಿನದಾದರೆ ರಿಪೇರಿಗೆ ಅರ್ಜಿ ಹಾಕಿಕೊಳ್ಳಬಹುದು. ಭಾವನ ಮನೆಯ ವಯಸ್ಸು ಅದರ ಸೋರಿಕೆಯನ್ನು ನೋಡಿದರೇ ತಿಳಿಯುತ್ತದೆ, ಆದರೆ ಸೋರಿಕೆ ದಾಖಲೆಯಲ್ಲ.

"ಗುಡಿ ಮೇಲೂ ಶಿಖರ ಇಲ್ಲ ನೋಡೋ, ಒಂಬೈನೂರು ವರ್ಷ ಆಯ್ತು," ಅನ್ನುತ್ತಾರೆ ಭಾವ. "ಪಾಪ, ವಿಷ್ಣುವರ್ಧನಂಗೂ ಎನ್‌ಒಸಿ ಬಂದಿಲ್ಲ."

ಕಾಯ್ದೆಯನ್ನು ಬೈಯುವುದು ಸುಲಭ. ಅದಿಲ್ಲದಿದ್ದರೆ ಇಷ್ಟು ಹೊತ್ತಿಗೆ ಗುಡಿಯ ಪೌಳಿಗೆ ಒರಗಿಕೊಂಡು ಮೂರಂತಸ್ತಿನ ಲಾಡ್ಜ್ ಎದ್ದಿರುತ್ತಿತ್ತು. ಕಟ್ಟುವವರ ಸಾಲಿನಲ್ಲಿ ಭಾವನೇ ಮೊದಲು ನಿಂತಿರುತ್ತಿದ್ದರು, ಹೆಸರೂ 'ಹೊಯ್ಸಳ' ಎಂದೇ ಇಟ್ಟಿರುತ್ತಿದ್ದರು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದವು. ಮರುವರ್ಷ ಕೇಂದ್ರ ಸರ್ಕಾರ ಸೂರ್ಯಘರ್ ಯೋಜನೆ ತಂದು, ಸೂರಿನ ಮೇಲೆ 3 ಕಿಲೋವಾಟ್ ಸೋಲಾರ್ ಕೂರಿಸಿದರೆ 78,000 ರೂಪಾಯಿ ಸಬ್ಸಿಡಿ ಎಂದಿತು. ಅಲ್ಲಿಂದ ಭಾವನಿಗೆ ನಿದ್ದೆಯಿಲ್ಲ. ಕಟ್ಟಡವನ್ನು ಅಡ್ಡಕ್ಕಾಗಲಿ ಉದ್ದಕ್ಕಾಗಲಿ ಬೆಳೆಸುವುದೂ 'ನಿರ್ಮಾಣ' ಎನ್ನುತ್ತದೆ ಕಾಯ್ದೆ. ಓರೆಯಾಗಿ ಕೂರುವ ಸೋಲಾರ್ ಹಲಗೆ ಅಡ್ಡವೋ ಉದ್ದವೋ? ಒಂದು ಸರ್ಕಾರಿ ಕಾಗದ ಸೂರ್ಯನನ್ನು ಮನೆಗೆ ಕರೆಯುತ್ತದೆ, ಇನ್ನೊಂದು ಅವನನ್ನು ಜಗಲಿಯಲ್ಲೇ ನಿಲ್ಲಿಸಿ ನಕ್ಷೆ ಎಲ್ಲಿ ಅನ್ನುತ್ತದೆ. ಇವುಗಳ ನಡುವೆ ರಾಜ್ಯದ ಗೃಹಜ್ಯೋತಿ. ಹಿಂದಿನ ವರ್ಷ ಉರಿಸಿದ್ದರ ಸರಾಸರಿಗೆ ಶೇ 10 ಸೇರಿಸಿ, 200 ಯೂನಿಟ್ ಒಳಗಿದ್ದರೆ ಬಿಲ್ಲೇ ಇಲ್ಲವೆಂದು 2023ರಲ್ಲಿ ಶುರುವಾಯಿತು. ದೀಪ ಆರಿಸಿ ಆರಿಸಿ 40 ಯೂನಿಟ್‌ನಲ್ಲಿ ಸಂಸಾರ ಮಾಡಿದ ನಮ್ಮಕ್ಕನಿಗೆ ಆಗ ಸಿಕ್ಕಿದ್ದು 44, ಹಗಲಲ್ಲೂ ಗೀಸರ್ ಉರಿಸಿದ ಎದುರುಮನೆಗೆ ಅದರ ನಾಲ್ಕರಷ್ಟು. ಮಿತವ್ಯಯಕ್ಕೆ ಇದಕ್ಕಿಂತ ಸನ್ಮಾನ ಬೇಕೆ?

ಇನ್ನು ಕೊಣನೂರಿನ ನಮಗೆ ಇಂಥ ಕಾಟವಿಲ್ಲ. ನಮ್ಮ ಬೀದಿಗೆ ಮೀಟರ್ ಹಿಡಿದು ಬರುವ ಹೊಯ್ಸಳನಿಲ್ಲ. ಹಾಗಾಗಿ ನಮ್ಮ ತೊಟ್ಟಿಮನೆಯನ್ನು ಯಾರನ್ನೂ ಕೇಳದೆ ಜೆಸಿಬಿ ತರಿಸಿ ಒಂದೇ ಮಧ್ಯಾಹ್ನದಲ್ಲಿ ಕೆಡವಿದೆವು. ಮೊಳದಗಲದ ಮಣ್ಣುಗೋಡೆಯಿತ್ತು, ಬಿಸಿ ಒಳಕ್ಕೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಬಂದದ್ದೂ ತೊಟ್ಟಿಯ ಬಾಯಿಂದ, ಹೆಂಚಿನ ಸಂದಿಯಿಂದ ಮೇಲೆ ಹೋಗುತ್ತಿತ್ತು. ಕಾವೇರಿ ಕಡೆಯ ಗಾಳಿಗೆ ಫ್ಯಾನೇ ಬೇಕಿರಲಿಲ್ಲ. ಅದರ ಜಾಗದಲ್ಲಿ ಈಗ ಆರ್‌ಸಿಸಿ ಎದ್ದಿದೆ. ಹಗಲೆಲ್ಲ ಬಿಸಿಲು ಕುಡಿಯುವ ತಾರಸಿ ರಾತ್ರಿಯೆಲ್ಲ ಅದನ್ನು ನಮ್ಮ ಮೇಲೆ ಕಕ್ಕುತ್ತದೆ. ಶಾಖ ಹಿಡಿದಿಡುವ ಕಟ್ಟಡ ನಮ್ಮ ಸೀಮೆಗೆ ಹೊಸದಲ್ಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಅದೇ ತಾನೇ? ಮೊದಲು ಸೊಪ್ಪನ್ನು ಬ್ಯಾರನ್‌ಗೆ ಹಾಕಿ ನಾವು ತೊಟ್ಟಿಮನೆಯಲ್ಲಿ ಮಲಗುತ್ತಿದ್ದೆವು. ಈಗ ಏಪ್ರಿಲ್ ಬಂದರೆ ನಾವೇ ಸಾಲಾಗಿ ಒಳಗೆ ಬಿದ್ದು ಹಳದಿಗೆ ತಿರುಗುತ್ತೇವೆ. ಹರಾಜು ಕಟ್ಟೆಯಲ್ಲಿ ಯಾವ ದರ್ಜೆ ಸಿಗುತ್ತದೋ.

ಇಂಗ್ಲೆಂಡಿನಲ್ಲಿ ಹಳೆಯ ಬೀದಿಗಳನ್ನೇ ಸಂರಕ್ಷಿತ ಪ್ರದೇಶಗಳೆಂದು 1967ರಿಂದ ಗುರುತಿಸುತ್ತಿದ್ದಾರೆ. ಅಲ್ಲಿ ಚಳಿಗೆ ನಡುಗುವ ಮನೆಯವನು ಕಿಟಕಿಗೆ ಎರಡು ಪದರದ ಗಾಜು ಹಾಕಿಸುತ್ತೇನೆಂದರೆ, ಬೀದಿಯ ಲಕ್ಷಣ ಕೆಡುತ್ತದೆಂದು ತಕರಾರು ಏಳುವುದುಂಟು. ಅವನ ಸಂಕಟವೂ ಸಂಕಟವೇ. ಆದರೆ ಅವನ ಮನೆಗೆ ಒಂದು ಮರ್ಯಾದೆಯಿದೆ, ಜಗಳ ನಡೆಯುತ್ತಿರುವುದೇ ಮನೆಯನ್ನು ಉಳಿಸುವುದಕ್ಕೆ. ನಮ್ಮ ಭಾವನ ಮನೆಯನ್ನು ಯಾರೂ ಉಳಿಸಹೊರಟಿಲ್ಲ. ಅದರಿಂದ ಗುಡಿಯನ್ನು ಉಳಿಸುತ್ತಿದ್ದಾರೆ. ಅದೇ ಗುಡಿಯಲ್ಲಿ ಬಿಸಿಲನ್ನು ಸೋಸಿ ಬೆಳಕು ಗಾಳಿಯನ್ನಷ್ಟೇ ಒಳಗೆ ಬಿಡುವ ಕಲ್ಲಿನ ಜಾಲಂಧ್ರಗಳಿವೆ, ಗೈಡುಗಳು ಬೆರಳು ಮಾಡಿ ಕೊಂಡಾಡುತ್ತಾರೆ. ಅದೇ ಕೆಲಸವನ್ನು ಮಣ್ಣು, ಮರ, ಹೆಂಚಿನಲ್ಲಿ ಮಾಡುವ ಭಾವನ ಮನೆ ಮಾತ್ರ ಫೋಟೋಗೆ ಅಡ್ಡ. ನಿಯಮವಿರುವ ಊರಲ್ಲಿ ತಂಪು ಮನೆ ರಿಪೇರಿಯಿಲ್ಲದೆ ಬೀಳುತ್ತದೆ, ಇಲ್ಲದ ಊರಲ್ಲಿ ಜೆಸಿಬಿಗೆ ಬೀಳುತ್ತದೆ. ನಮ್ಮದು ಬೇಗ ಮುಗಿಯಿತು, ಅಷ್ಟೇ.

ನಾವು ಕೆಡವಿದಾಗ ಭಾವ ಬಂದು ನಮ್ಮ ಮಂಗಳೂರು ಹೆಂಚುಗಳನ್ನೆಲ್ಲ ಲಗೇಜ್ ಆಟೋಗೆ ಹೇರಿಸಿಕೊಂಡು ಹೋದರು. ಒಡೆದ ಹೆಂಚು ತೆಗೆದು ಇದನ್ನು ಹೊದಿಸಿದರೆ ರಿಪೇರಿಯಾಯಿತೋ, ನಿರ್ಮಾಣವಾಯಿತೋ ಎಂಬ ಹೆದರಿಕೆಗೆ ಮೇಲೇರಿಸದೆ ಅಂಗಳದಲ್ಲೇ ಅಟ್ಟಿ ಹಾಕಿದ್ದಾರೆ. ಎರಡು ಮಳೆ ಕಳೆದಿದೆ, ಪಾಚಿ ಚೆನ್ನಾಗಿ ಹಿಡಿದಿದೆ. ಮೊನ್ನೆ ಬಸ್ಸಿಳಿದ ಪ್ರವಾಸಿಗಳು ಅದರ ಮುಂದೆ ಸೆಲ್ಫಿ ತೆಗೆದುಕೊಂಡು, ಇದೂ ಹೊಯ್ಸಳರ ಕಾಲದ್ದಾ ಅಂತ ಕೇಳಿದರಂತೆ.

ಬೆನ್ನ ಮೇಲೆ ಬಾಸೆಲ್ ಮಿಷನ್ ಅಂತ ಇಂಗ್ಲಿಷಿನಲ್ಲಿ ಅಚ್ಚಿದ್ದ ಹೆಂಚನ್ನು ಮೆಲ್ಲಗೆ ಮಗುಚಿಟ್ಟು, ಭಾವ "ಹೂಂ" ಅಂದರಂತೆ.