ಐವತ್ತನೇ ಗೆರೆಯ ಜತೆ ನಾಲ್ಕು ಮಾತು

2012ರ ಜನವರಿ 9. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ಫೈನಲ್: ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಎದುರು ಅಲಬಾಮಾ. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಚೂಪುಮೂತಿಯ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗಬೇಕು. ನಾಲ್ಕು ಯತ್ನದಲ್ಲಿ 10 ಗಜ ಸಾಗದಿದ್ದರೆ ಚೆಂಡು ಎದುರಾಳಿಯದು. ಹಿಂದಿನ ದಿನ ಕೋಚ್‌ಗಳಿಬ್ಬರೂ ಟಿ.ವಿ.ಯವರ ಕೈಗೆ ಸಿಕ್ಕಿಬಿದ್ದಿದ್ದರು. ಬಿಡುವಾಗಿದ್ದದ್ದು 100 ಗಜದ ಅಂಗಣದ ನಟ್ಟನಡುವೆ ಮಲಗಿದ್ದ ಐವತ್ತನೇ ಗೆರೆ ಮಾತ್ರ.

ಲಕ್ಷ್ಮಣರೇಖೆ ತಮಗೆ ಸಂಬಂಧವೇ?

ದೂರದ ಸಂಬಂಧ. ದಾಟಿದ್ದರಿಂದ ಅದಕ್ಕೆ ಹೆಸರು ಬಂತು. ನಾಳೆ ಯಾರೂ ದಾಟದೆ ನನಗೆ ಬರಬಹುದು.

ಅಷ್ಟು ಗಟ್ಟಿಯೇ ಈ ಎರಡು ತಂಡಗಳ ರಕ್ಷಣೆ?

ಲೆಕ್ಕದಲ್ಲಿ ಇಡೀ ದೇಶಕ್ಕೆ ಅಲಬಾಮಾ ಮೊದಲು, ಎಲ್‌ಎಸ್‌ಯು ಎರಡನೆಯದು. ಅಲಬಾಮಾ ಪಂದ್ಯಕ್ಕೆ ಸರಾಸರಿ 9 ಅಂಕವನ್ನೂ ಬಿಟ್ಟುಕೊಟ್ಟಿಲ್ಲ. ಇವರ ಮೇಲೆ ಎದುರಾಳಿಗಳು 200 ಗಜ ಸಾಗುವುದೂ ಕಷ್ಟ. ಎಲ್‌ಎಸ್‌ಯು ಕೊಟ್ಟಿರುವುದು ಹತ್ತೂವರೆ ಅಂಕ. ಆದರೆ ಸ್ವಾಮಿ, ಕಸುಬು ಬೇರೆ ಬೇರೆ. ಅಲಬಾಮಾದವರು ಕತ್ತು ಹಿಸುಕುತ್ತಾರೆ, ಎಲ್‌ಎಸ್‌ಯುನವರು ಜೇಬು ಕತ್ತರಿಸುತ್ತಾರೆ. ಮೊದಲಿನವರ ಹೈಟವರ್, ಅಪ್‌ಶಾ ಬಂದರೆ ನನ್ನ ಬಣ್ಣವೇ ಕಿತ್ತುಬರುತ್ತದೆ. ಎರಡನೆಯವರಲ್ಲಿ ಟೈರನ್ ಮ್ಯಾಥ್ಯೂ ಅಂತ ಒಬ್ಬ ಹುಡುಗ. ಆಳು ಗಿಡ್ಡ, ಜನ ಇಟ್ಟ ಹೆಸರು ‘ಹನಿ ಬ್ಯಾಜರ್’. ಎದುರಾಳಿಯನ್ನು ಬೀಳಿಸುವುದು ಅವನಿಗೆ ನೆಪ, ಕಣ್ಣು ಚೆಂಡಿನ ಮೇಲೆ. ಕಿತ್ತುಕೊಂಡರೆ ಓಡಿಹೋಗಿ ಅಂಕ ಗಳಿಸಿಯೇ ನಿಲ್ಲುತ್ತಾನೆ.

ಹಾಗಾದರೆ ಯಾರು ಮೇಲು?

ಅದು ನವೆಂಬರ್ 5ರಂದೇ ತೀರ್ಮಾನವಾಯಿತಲ್ಲ! ಅಲಬಾಮಾದ ಊರು ಟಸ್ಕಲೂಸಾದಲ್ಲೇ ಇಬ್ಬರೂ ಆಡಿದರು. ಪತ್ರಿಕೆಯವರು ‘ಶತಮಾನದ ಪಂದ್ಯ’ ಅಂತ ಡಂಗುರ ಹೊಡೆದಿದ್ದರು. ಇಡೀ ರಾತ್ರಿ ಒಂದು ಟಚ್‌ಡೌನ್ ಇಲ್ಲ, ಅಂದರೆ ಚೆಂಡಿನ ಸಮೇತ ಗೋಲ್ ಗೆರೆ ಮುಟ್ಟಿದವರೇ ಇಲ್ಲ. ಹೆಚ್ಚುವರಿ ಅವಧಿಗೆ ಹೋಗಿ, ಕಂಬಗಳ ನಡುವೆ ಚೆಂಡು ಒದೆಯುವ ಬರೀ ಫೀಲ್ಡ್ ಗೋಲ್‌ಗಳಲ್ಲೇ ಎಲ್‌ಎಸ್‌ಯು 9–6ರಿಂದ ಗೆದ್ದಿತು. ಅಲಬಾಮಾದ ಕಿಕ್ಕರ್‌ಗಳು ನಾಲ್ಕು ಅವಕಾಶ ಹಾಳುಮಾಡಿದರು. ಒಮ್ಮೆಯಂತೂ ಗೋಲ್ ಗೆರೆಯ ಹತ್ತಿರ ಅಲಬಾಮಾದವನ ಕೈಗೆ ಚೆಂಡು ಬಂದೇಬಿಟ್ಟಿತ್ತು. ಎಲ್‌ಎಸ್‌ಯುನ ಎರಿಕ್ ರೀಡ್ ಅವನ ಜತೆಗೇ ಬಿದ್ದು, ಏಳುವಾಗ ಚೆಂಡು ತನ್ನ ಎದೆಗವುಚಿಕೊಂಡು ಎದ್ದ. ಅದೊಂದನ್ನು ನಾನು ಕಲೆ ಅಂತ ಒಪ್ಪುತ್ತೇನೆ. ಉಳಿದದ್ದರ ಬಗ್ಗೆ ನನಗೆ ಗುಮಾನಿ. ಕೋಟೆ ಗಟ್ಟಿಯೋ, ಮುತ್ತಿಗೆ ಹಾಕಿದವರೇ ಕೈಲಾಗದವರೋ, ಯಾವ ಅಂಕಿ ಹೇಳುತ್ತದೆ?

ಗೆದ್ದಾಗಿದೆ ಅಂದಮೇಲೆ ಮತ್ತೆ ಯಾಕೆ ಪಂದ್ಯ?

ಪಾಸಾದವನನ್ನೂ ಫೇಲಾದವನ ಜತೆ ಕೂರಿಸಿ ಸಪ್ಲಿಮೆಂಟರಿ ಬರೆಸುತ್ತಿದ್ದಾರೆ. ಫೈನಲ್‌ಗೆ ಯಾರು ಅಂತ ಆರಿಸುವುದು ಆಡಿ ಗೆದ್ದಲ್ಲ. ಮತದಾನ ಮೂರರಲ್ಲಿ ಎರಡು ಪಾಲು, ಕಂಪ್ಯೂಟರ್‌ಗಳು ಒಂದು ಪಾಲು. ಎಲ್‌ಎಸ್‌ಯು ಹದಿಮೂರಕ್ಕೆ ಹದಿಮೂರೂ ಗೆದ್ದು ಬಂದಿದೆ. ಅಲಬಾಮಾ ತನ್ನ ಸ್ವಂತ ವಲಯದ ಕಿರೀಟವನ್ನೂ ಗೆದ್ದಿಲ್ಲ. ಒಕ್ಲಹೋಮ ಸ್ಟೇಟ್ ಕೂಡ ಸೋತದ್ದು ಒಂದೇ ಪಂದ್ಯ. ಆದರೂ ಮೂರನೇ ಸ್ಥಾನ ಕೊಟ್ಟು ಹೊರಗೆ ನಿಲ್ಲಿಸಿದರು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಗೆರೆಯನ್ನು ಯಾರು ಕೇಳುತ್ತಾರೆ?

ಅಲಬಾಮಾದ ಗೋಡೆಯಲ್ಲಿ ಬಿರುಕೇ ಇಲ್ಲವೆ?

(ಅತ್ತಿತ್ತ ನೋಡಿ) ಜಾರ್ಜಿಯಾ ಸದರ್ನ್ ಅಂತ ಕೆಳದರ್ಜೆಯ ತಂಡ. ನವೆಂಬರ್‌ನಲ್ಲಿ ಇದೇ ಅಲಬಾಮಾದ ಮೇಲೆ ಬರೀ ಓಟದಲ್ಲೇ 300 ಗಜ ದಾಟಿತು, 21 ಅಂಕ ಹೊಡೆಯಿತು. ಸೋತರು ಬಿಡಿ, 45–21. ಯಾರು ಚೆಂಡು ಹಿಡಿದು ಓಡುತ್ತಾರೆ ಅಂತ ಕೊನೇ ಗಳಿಗೆಯವರೆಗೂ ಗುಟ್ಟು ಬಿಡದ ಹಳೇ ಕಾಲದ ಆಟ ಅವರದು. ದೇಶದ ನಂಬರ್ ಒನ್ ರಕ್ಷಣೆ ಸಂತೆಯಲ್ಲಿ ಮಗು ಕಳೆದುಕೊಂಡವರ ಹಾಗೆ ತಡಕಾಡಿತು. ನಿಮ್ಮ ಪಟ್ಟಿಗಳಲ್ಲಿ ಇದಕ್ಕೆ ಕಾಲಮ್ ಇಲ್ಲ.

ಕೋಚ್‌ಗಳ ಬಗ್ಗೆ ಎರಡು ಮಾತು?

ಅಲಬಾಮಾದ ನಿಕ್ ಸೇಬನ್ 2004ರ ಜನವರಿಯಲ್ಲಿ ಇದೇ ಸೂಪರ್‌ಡೋಮ್‌ನಲ್ಲಿ ಪ್ರಶಸ್ತಿ ಎತ್ತಿದವರು. ಯಾರಿಗೆ ಅಂತೀರಿ? ಎಲ್‌ಎಸ್‌ಯುಗೆ! ಈಗ ಅವರೇ ಬಂದರೆ ಲೂಸಿಯಾನಾದವರ ಹೊಟ್ಟೆ ಉರಿಯದೆ ಇರುತ್ತದೆಯೇ? ಎಲ್‌ಎಸ್‌ಯುನ ಲೆಸ್ ಮೈಲ್ಸ್ ಅವರಿಗೆ ಪಂದ್ಯ ಬಿಗಿಯಾದಾಗ ಅಂಗಣದ ಹುಲ್ಲು ಕಿತ್ತು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ. ಇಲ್ಲಿರುವುದು ಪ್ಲಾಸ್ಟಿಕ್ ಹುಲ್ಲು. ಯಾರಾದರೂ ಮೊದಲೇ ತಿಳಿಸಿಬಿಡಿ.

ಸಂಬಳ?

ಸೇಬನ್ ಅವರಿಗೆ ವರ್ಷಕ್ಕೆ 40 ಲಕ್ಷ ಡಾಲರ್‌ಗಿಂತ ಹೆಚ್ಚು. ನನ್ನ ಮೇಲೆ ಮೂಳೆ ಮುರಿದುಕೊಳ್ಳುವ ಹುಡುಗರಿಗೆ ಫೀಸು ಮಾಫಿ, ಊಟ, ರೂಮು. ಅವರು ‘ಹವ್ಯಾಸಿ’ಗಳಂತೆ. ಹಣ ಮುಟ್ಟಿದರೆ ಮೈಲಿಗೆ. ಇಲ್ಲಿನ ಅತಿ ಬಿಗಿಯಾದ ರಕ್ಷಣೆ ಯಾವುದು ಅಂತ ಕೇಳಿದಿರಲ್ಲ, ಗಲ್ಲಾಪೆಟ್ಟಿಗೆಯ ಸುತ್ತ ಇರುವುದು. ಅದನ್ನು ಒಬ್ಬ ಆಟಗಾರನೂ ಇನ್ನೂ ಭೇದಿಸಿಲ್ಲ.

ನಾಳೆಯ ಭವಿಷ್ಯ?

ಎರಡೂ ಕಡೆಯವರು ಬಂದು ನನ್ನನ್ನು ನೋಡಿ ವಾಪಸು ಹೋಗುತ್ತಾರೆ. ಚೆಂಡನ್ನು ಎತ್ತಿ ಒದೆಯುತ್ತಾರೆ. ಟಿ.ವಿ.ಯವರು ‘ಅಮೋಘ’ ಅನ್ನುತ್ತಾರೆ. ಜಾಹೀರಾತು ಬರುತ್ತದೆ.

(ಸಂಪಾದಕರ ಟಿಪ್ಪಣಿ: ಗೆರೆಯ ಭವಿಷ್ಯ ಅರ್ಧ ಮಾತ್ರ ನಿಜವಾಯಿತು. ಅಲಬಾಮಾ ಬೇಕಾದಷ್ಟು ಸಲ ದಾಟಿ ಐದು ಫೀಲ್ಡ್ ಗೋಲ್, ಕೊನೆಗೆ ಒಂದು ಟಚ್‌ಡೌನ್ ಗಳಿಸಿ 21–0ರಿಂದ ಗೆದ್ದಿತು. ಎಲ್‌ಎಸ್‌ಯು ಇಡೀ ಪಂದ್ಯದಲ್ಲಿ ಸಾಗಿದ್ದು 92 ಗಜ. ಐವತ್ತನೇ ಗೆರೆ ದಾಟಿದ್ದು ನಾಲ್ಕನೇ ಕ್ವಾರ್ಟರ್‌ನಲ್ಲಿ, ಒಂದೇ ಒಂದು ಸಲ.)