ನಾಲ್ಕು ದಿನದಲ್ಲಿ ಒಪ್ಪಿದ ಲೇಖನ

ಸಂಪಾದಕ ಮಹಾಶಯರೇ,

ವಾರಕ್ಕೆರಡು ಸಲ ನಿಮ್ಮ ಮೇಲ್ ಬರುತ್ತದೆ. ಗಿಡ, ಪ್ರಾಣಿ, ಸೂಕ್ಷ್ಮಜೀವಿ, ಯಾವುದರ ಮೇಲಾದರೂ ಸರಿ, ಸಂಶೋಧನಾ ಲೇಖನ ಕಳಿಸಿ ಎನ್ನುತ್ತೀರಿ. ಇಷ್ಟು ದಿನ ಉತ್ತರಿಸಿರಲಿಲ್ಲ. ಈಗ ಎಲ್ಲರೆದುರೇ ಬರೆಯುತ್ತಿದ್ದೇನೆ. ನೀವು ಪ್ರಕಟಿಸಿದ ಒಂದು ಲೇಖನದಲ್ಲಿ ನನ್ನ ಹೆಸರೂ ಇದೆ. ಆ ಲೇಖನ ತಪ್ಪು.

ನನ್ನ ಮನೆ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ, ಕೆಲಸ ಒಂದು ಫಾರ್ಮಸಿ ಕಾಲೇಜಿನಲ್ಲಿ. ಬೀದರ್ ಕಡೆಯಿಂದ ಎಂ.ಫಾರ್ಮ್ ಓದಲು ಬಂದ ಹುಡುಗಿಯೊಬ್ಬಳು ತಮ್ಮ ಹೊಲದ ಬದುವಿನಿಂದ ತುಂಬೆ ಗಿಡ ಕಿತ್ತು ತಂದಿದ್ದಳು. ನೆಗಡಿ ಕೆಮ್ಮಿಗೆ ಅವಳ ಅಜ್ಜಿ ಕೊಡುತ್ತಿದ್ದುದು ಅದನ್ನೇ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್‌ ಉಪಕರಣದಲ್ಲಿ ಮೆಥನಾಲ್ ಹಾಕಿ ಸಾರ ತೆಗೆದಳು. ಸ್ಟ್ಯಾಫಿಲೊಕಾಕಸ್ ಬಳಿದ ಆಗರ್ ತಟ್ಟೆಯ ಮೇಲೆ ಆ ಸಾರ ಹೀರಿದ ಪುಟ್ಟ ಕಾಗದದ ಡಿಸ್ಕ್ ಇಟ್ಟು, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟಳು. ಬೆಳಗ್ಗೆ ನೋಡಿದರೆ ತಟ್ಟೆಯೆಲ್ಲ ಮಬ್ಬು, ಡಿಸ್ಕಿನ ಸುತ್ತ ಮಾತ್ರ ಬ್ಯಾಕ್ಟೀರಿಯಾ ಬೆಳೆಯದ, ತಿಳಿಯಾದ ಒಂದು ವೃತ್ತ. ಕಿಟಕಿಯ ಬೆಳಕಿಗೆ ಹಿಡಿದು ಸ್ಕೇಲಿಟ್ಟು ಅಳೆದಳು: 14 ಮಿಲಿಮೀಟರ್. ಅವಳ ಮುಖದಲ್ಲಿ ಅಂದು ಕಂಡ ಸಂತೋಷ ನನಗಿನ್ನೂ ನೆನಪಿದೆ.

ಆ ತಟ್ಟೆಯಲ್ಲಿ ಇನ್ನೊಂದು ಡಿಸ್ಕ್ ಇರಬೇಕಿತ್ತು. ತುಂಬೆಯ ಸೋಂಕಿಲ್ಲದ, ಬರೀ ಮೆಥನಾಲಿನದು. ಮೆಥನಾಲ್ ತಾನೇ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು. ಡಿಸ್ಕ್ ಪೂರ್ತಿ ಆರದಿದ್ದರೆ ಆ ವೃತ್ತ ಗಿಡದ್ದೋ ದ್ರಾವಕದ್ದೋ ಹೇಳುವವರು ಯಾರು? ಅವಳಿಗೆ ಹೊಳೆಯಲಿಲ್ಲ. ಮಾರ್ಗದರ್ಶಕನಾದ ನಾನೂ ಕೇಳಲಿಲ್ಲ. ಪರೀಕ್ಷೆಯ ಗಡಿಬಿಡಿ ಇತ್ತು ಎಂದರೆ ಅದು ನೆಪವಾದೀತು.

ಇಂಥ ಕಣ್ತಪ್ಪು ಹಿಡಿಯಲೆಂದೇ ಅಲ್ಲವೇ ಸಂಪಾದಕರು, ವಿಮರ್ಶಕರು ಇರುವುದು? ಕೆಲಸದ ಸಂದರ್ಶನದಲ್ಲಿ ಮೊದಲು ಕೇಳುವುದೇ ಎಷ್ಟು ಲೇಖನ ಬಂದಿದೆ ಎಂದು. ಹಾಗಾಗಿ ನಿಮಗೆ ಕಳಿಸಿದಳು. "ಸರ್, ನಾಲ್ಕೇ ದಿನದಾಗ ಅಕ್ಸೆಪ್ಟ್ ಆಯ್ತು ನೋಡ್ರಿ" ಎಂದು ಓಡಿಬಂದಳು. ನೀವು ಕೇಳಿದ್ದು ಒಂದೇ ಪ್ರಶ್ನೆ: ಹಣ ಯಾವಾಗ ಕಟ್ಟುತ್ತೀರಿ? ನಿಮ್ಮ ಲೆಟರ್‌ಹೆಡ್ಡಿನಲ್ಲಿದ್ದುದು ಪರದೇಶದ ವಿಳಾಸ, ಹಣ ಹೋದದ್ದು ನಮ್ಮ ದೇಶದ ಬ್ಯಾಂಕ್ ಖಾತೆಗೆ. ಆ ತಿಂಗಳು ಅವಳು ಹಾಸ್ಟೆಲ್ ಮೆಸ್ಸಿನ ದುಡ್ಡು ಬಾಕಿ ಇಟ್ಟಳು.

2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ 304 ಪತ್ರಿಕೆಗಳಿಗೆ ಬೇಕೆಂದೇ ಒಂದು ಸುಳ್ಳು ಲೇಖನ ಕಳಿಸಿದ. ಕಲ್ಲುಹೂವಿನಿಂದ ತೆಗೆದ ರಾಸಾಯನಿಕ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬುದು ಅದರ ವಾದ. ಹೌದು, ಬಿರಿಯಾನಿಗೆ ಹಾಕುವ ಕಲ್ಲುಹೂವಿನ ಕುಲದ್ದೇ. ಆ ರಾಸಾಯನಿಕವನ್ನು ಕರಗಿಸಿದ್ದು ಆಲ್ಕೋಹಾಲ್ ತುಂಬಿದ ದ್ರಾವಣದಲ್ಲಿ. ಹೋಲಿಕೆಗೆಂದು ಇಟ್ಟ ಕೋಶಗಳಿಗೆ ಮಾತ್ರ ಆ ಆಲ್ಕೋಹಾಲ್ ಇಲ್ಲ. ನಮ್ಮ ಹುಡುಗಿ ಅರಿಯದೆ ಮಾಡಿದ ತಪ್ಪನ್ನೇ ಅವನು ಅರಿತು ನೆಟ್ಟಿದ್ದ. 157 ಪತ್ರಿಕೆಗಳು ಒಪ್ಪಿಕೊಂಡವು, 98 ತಿರಸ್ಕರಿಸಿದವು. ಭಾರತದ ಪತ್ರಿಕೆಗಳಲ್ಲಿ 64 ಒಪ್ಪಿದವು, ತಿರಸ್ಕರಿಸಿದ್ದು ಬರೀ 15. 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಓದಿದ ದಿನ ಬೇಸರಪಟ್ಟು ಮರೆತಿದ್ದೆ. ನನ್ನದೇ ಲ್ಯಾಬಿಗೆ ಬಂದಾಗ ಅದು ಬೇರೆಯೇ ಆಗಿ ಚುಚ್ಚುತ್ತದೆ. 2019ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಹೈದರಾಬಾದಿನ ಓಮಿಕ್ಸ್ ಪ್ರಕಾಶನಕ್ಕೆ ಇಂಥದೇ ವ್ಯವಹಾರಕ್ಕಾಗಿ 5 ಕೋಟಿ ಡಾಲರಿಗೂ ಮೀರಿದ ಮೊತ್ತ ಕಟ್ಟುವಂತೆ ಹೇಳಿದಾಗ ಇಡೀ ಊರಿನ ವಿಜ್ಞಾನಿಗಳಿಗೆ ತಲೆ ತಗ್ಗಿಸುವಂತಾಯಿತು.

ಆದರೆ ಈ ಊರಿಗೆ ಇನ್ನೊಂದು ನೆನಪೂ ಇದೆ. ಮಲ್ಕಾಜ್‌ಗಿರಿಗೆ ಹೆಚ್ಚು ದೂರವಿಲ್ಲದ ಬೇಗಂಪೇಟೆಯಲ್ಲಿ 1897ರ ಆಗಸ್ಟ್ 20ರಂದು ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಕುರುಹು ಕಂಡ. ಹುಸೇನ್ ಖಾನ್ ಎಂಬ ರೋಗಿ, ಕಚ್ಚಿಸಿಕೊಂಡ ಸೊಳ್ಳೆಗೊಂದು ಆಣೆಯಂತೆ ಪಡೆದು, ಮೈಯೊಡ್ಡಿದ್ದ. ರಾಸ್ ಬರೆದ ಲೇಖನದ ಶೀರ್ಷಿಕೆಯಲ್ಲಿ ಮಲೇರಿಯಾದ ಗುಟ್ಟು ಬಯಲಾಯಿತು ಎಂದಿರಲಿಲ್ಲ. ಎರಡು ಸೊಳ್ಳೆಗಳಲ್ಲಿ ಕಂಡ, ಬಣ್ಣದ ಕಣಗಳುಳ್ಳ ವಿಚಿತ್ರ ಕೋಶಗಳು, ಅಷ್ಟೇ. ಅದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು ಡಿಸೆಂಬರಿನಲ್ಲಿ, ಸ್ಲೈಡುಗಳನ್ನು ಕಣ್ಣಾರೆ ನೋಡಿದ ಬೇರೆ ವೈದ್ಯರ ಟಿಪ್ಪಣಿಗಳೊಂದಿಗೆ. ಕಂಡದ್ದು ಎರಡು ಸೊಳ್ಳೆಯಲ್ಲಾದರೆ ಎರಡು ಎಂದೇ ಬರೆಯುವುದನ್ನು ನನ್ನ ವಿದ್ಯಾರ್ಥಿಗಳಿಗೆ ಕಲಿಸಬೇಕೆಂದಿದ್ದೇನೆ. ನೀವು ನಾಲ್ಕು ದಿನದಲ್ಲಿ ಒಪ್ಪಿಬಿಟ್ಟರೆ ಆ ಪಾಠಕ್ಕೆ ಕಿವಿಗೊಡುವವರು ಯಾರು?

ಹುಡುಗಿ ಪ್ರಯೋಗವನ್ನು ಮತ್ತೆ ಮಾಡಿದ್ದಾಳೆ, ಯಾರೂ ಹೇಳದೆ, ತಾನಾಗಿಯೇ. ಹಸಿ ಮೆಥನಾಲ್ ಡಿಸ್ಕಿನ ಸುತ್ತ 12 ಮಿಲಿಮೀಟರ್. ತುಂಬೆಯ ಡಿಸ್ಕನ್ನು ಚೆನ್ನಾಗಿ ಆರಿಸಿ ಇಟ್ಟಾಗ 7. ಡಿಸ್ಕಿನ ಅಗಲವೇ 6. ತುಂಬೆಯಲ್ಲಿ ಏನೂ ಇಲ್ಲವೆಂದು ಇದರಿಂದ ಸಾಬೀತಾಗುವುದಿಲ್ಲ. ಇನ್ನೊಂದು ದ್ರಾವಕ, ಇನ್ನೊಂದು ಬ್ಯಾಕ್ಟೀರಿಯಾ ನೋಡಬೇಕು. ಮೊದಲಿನ 14 ಮಾತ್ರ ಸುಳ್ಳು. ರೆಕಾರ್ಡ್ ಬುಕ್ಕಿನಲ್ಲಿ ಅದರ ಮೇಲೆ ಗೀಟೆಳೆದು, ಪಕ್ಕದಲ್ಲಿ ಹೊಸ ಅಂಕಿ ಬರೆದು, ತಾರೀಖು ಹಾಕಿ ಸಹಿ ಮಾಡಿದ್ದಾಳೆ. ನಾನೂ ಮಾಡಿದ್ದೇನೆ.

ಲೇಖನ ಹಿಂತೆಗೆದುಕೊಳ್ಳಿ ಎಂದು ಅವಳು ಬರೆದ ಮೇಲ್‌ಗೆ ನೀವು ಹಿಂತೆಗೆತದ ಶುಲ್ಕ ಕೇಳಿದ್ದೀರಿ. ಅವಳು ಕಟ್ಟುವುದಿಲ್ಲ, ನಾನು ಕಟ್ಟಲು ಬಿಡುವುದಿಲ್ಲ. ಎರಡೂ ತಟ್ಟೆಗಳ ಫೋಟೋ ಕಳಿಸಿದ್ದೇವೆ. ನಿಮ್ಮಲ್ಲಿ ಯಾರಾದರೂ ಒಬ್ಬರು ಕೂತು ನೋಡಿ, ಲೇಖನವನ್ನು ತೆಗೆದುಹಾಕಿ, ಅವಳಿಗೆ ಒಂದು ಸಾಲು ಬರೆಯಿರಿ.

ಇತಿ,
ಒಬ್ಬ ಫಾರ್ಮಸಿ ಮೇಷ್ಟ್ರು
ಮಲ್ಕಾಜ್‌ಗಿರಿ