ಅತ್ತೆಗೆ ಎಚ್ಚರ ತಡ ಆದದ್ದು

"ಅಕ್ಕಾ, ಒಂದೇ ದಿನ ಇಬ್ಬರಿಗೂ ಪಿತ್ತದ ಕಲ್ಲಿನ ಆಪರೇಷನ್ ಆತ್ರಿ. ಬಾಜೂ ಮಂಚದ ಹುಡುಗಿ ಹೊರಗ ಬಂದಕೂಡ್ಲೇ ನೀರು ಕೇಳಿದಳು. ನಮ್ಮತ್ತಿ ಸಂಜಿತನಕ ಮಂಪರಿನಾಗೇ ಇದ್ದರು. ಔಷಧ ಜಾಸ್ತಿ ಆಗಿತ್ತೇನ್ರಿ?"

ಬೇಲಿಯಾಚೆ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದ ಅಕ್ಕ ಕೈ ನಿಲ್ಲಿಸಿದಳು. ಬಸವಕಲ್ಯಾಣದ ಆಸ್ಪತ್ರೆಯಿಂದ ಅತ್ತೆಯೊಂದಿಗೆ ಮೋರಖಂಡಿಗೆ ಬಂದಾಗಿನಿಂದ ಕೇಳಿದವಳಿಗೆ ಇದೇ ಚಿಂತೆ.

"ಹಾಂಗ ತಿಳ್ಕೋಬ್ಯಾಡ ತಂಗಿ. ಆಕಿಗಿ ಹರೇದ ವಯಸ್ಸು, ಅತ್ತಿಗೆ ಎಪ್ಪತ್ತು ದಾಟ್ಯಾವ. ವಯಸ್ಸಾದ ಮಿದುಳಿಗೆ ಸ್ವಲ್ಪೇ ಔಷಧ ಸಾಕು, ಮೈಯಿಂದ ಅದು ಹೋಗೋದೂ ತಡ. ಮೊದಲು ಹಾಲಿನಂಥ ಬಿಳಿ ಇಂಜೆಕ್ಷನ್ ಕೊಡ್ತಾರಲ್ಲ, ಪ್ರೊಪೊಫಾಲ್, ಅದರ ಜೋರು ಕೆಲವೇ ನಿಮಿಷದಾಗ ಇಳೀತದ. ಆಮ್ಯಾಲ ನಿದ್ದಿ ಹಿಡಿದಿಡೋದು ಹೆಚ್ಚಾಗಿ ಸೆವೊಫ್ಲುರೇನ್‌ನಂಥ ಗ್ಯಾಸು. ಅದು ಬಹುತೇಕ ಉಸಿರಿನ ದಾರಿಯಿಂದ್ಲೇ ಹೊರಗ ಹೋಗಬೇಕು. ನೋವಿನ ಇಂಜೆಕ್ಷನ್ನಿನಿಂದ ಉಸಿರು ಸಣ್ಣಾದ್ರ ಎಚ್ಚರನೂ ನಿಧಾನ. ಮೈ ತಣ್ಣಗಾದ್ರೂ ಹಾಂಗೇ, ಶುಗರ್ ಇಳಿದ್ರೂ ಹಾಂಗೇ."

"ಅದಕ್ಕೇ ಬೆರಳು ಚುಚ್ಚಿ ಚುಚ್ಚಿ ನೋಡ್ತಿದ್ರು!"

"ಹೌದು. ಶುಗರಿನಂಗ ಉಸಿರೂ ನೋಡ್ತಿರ್ತಾರ. ಉಸಿರು ನೋಡ್ರಿ ಅಂತ ಹಟ ಹಿಡಿದವರೊಳಗ ನಮ್ಮ ಕಡೆಯವರೂ ಇದ್ದರು. ಈ ಸೀಮಿ ನಿಜಾಮರ ರಾಜ್ಯದಾಗಿದ್ದಾಗ, 1889ರಾಗ ಹೈದರಾಬಾದಿನ ಡಾಕ್ಟರ್ ಎಡ್ವರ್ಡ್ ಲಾರಿ ಆಗಿನ ಅರಿವಳಿಕೆ ಔಷಧ ಕ್ಲೋರೋಫಾರ್ಮಿನ ಮ್ಯಾಲ ಕಮಿಷನ್ ನಡೆಸಿದ್ರು, ನಿಜಾಮರು ರೊಕ್ಕ ಕೊಟ್ರು. ಕ್ಲೋರೋಫಾರ್ಮ್ ನೇರವಾಗಿ ಹೃದಯ ನಿಲ್ಲಿಸೂದಿಲ್ಲ ಅಂದದ್ದು ಮುಂದ ತಪ್ಪಾತು, ಖರೆ ಉಸಿರಿನ ಮಾತು ಉಳೀತು. ಅದರಾಗ ರೂಪಾಬಾಯಿ ಫರ್ದುನ್‌ಜಿ ಅಂತ ಹೆಣ್ಣುಮಗಳೂ ಕೆಲಸ ಮಾಡಿದ್ದಳು. ಜಗತ್ತಿನ ಮೊದಲ ಅರಿವಳಿಕೆ ವೈದ್ಯೆ ಅಂತ ಆಕಿನ್ನ ಕರೀತಾರ. ನಮ್ಮ ಶಾಲಿ ಪುಸ್ತಕದಾಗ ಆಕಿ ಹೆಸರಿಲ್ಲ ಅಂತ ನನಗ ಭಾಳ ಸಂಕಟ."

"ಕೋಮಟಿಗರ ಓಣಿಯಾಗ ಒಬ್ಬರಿಗೆ ತಾಸುಗಟ್ಟಲೆ ಕೈಕಾಲೇ ಆಡಲಿಲ್ಲಂತ?"

"ಅದು ಬ್ಯಾರೆ ಇರಬಹುದು. ಗಂಟಲಾಗ ನಳಿಗಿ ಇಳಿಸೋ ಮುಂದ ಸ್ನಾಯು ಸಡಿಲ ಮಾಡಾಕ ಸಕ್ಸಿನೈಲ್‌ಕೋಲಿನ್ ಕೊಡೋದುಂಟು. ರಕ್ತದಾಗಿನ ಒಂದು ಕಿಣ್ವ ಅದನ್ನ ನಿಮಿಷದಾಗ ಒಡೀತದ. ಕೋಮಟಿಗರ, ಅಂದ್ರ ವೈಶ್ಯ ಸಮಾಜದ, ಕೆಲವು ಮನಿತನದಾಗ ಆ ಕಿಣ್ವ ಹುಟ್ಟಿನಿಂದ್ಲೇ ಇಲ್ಲದಂಗ ಇರ್ತದ. 2006ರಾಗ ಅದಕ್ಕ ಕಾರಣವಾದ ಜೀನಿನ ದೋಷನೂ ಸಿಕ್ತು. ನೋಡೋರಿಗೆ ಎಚ್ಚರ ಇಲ್ಲ ಅನಸ್ತದ, ಒಳಗ ಎಚ್ಚರ ಇದ್ದರೂ ಇರಬಹುದು. ಅದಕ್ಕೇ ಮಷೀನಿನಿಂದ ಉಸಿರು ಕೊಡ್ತಾ, ನಿದ್ದಿ ಔಷಧನೂ ಮುಂದುವರಿಸ್ತಾರ. ಮನಿಯಾಗ ಯಾರಿಗಾದ್ರೂ ಹಾಂಗ ಆಗಿದ್ರ ಮೊದಲೇ ಹೇಳಬೇಕು. ಕುಡಿಯೋ ಚಟ, ಲಿವರ್, ಕಿಡ್ನಿ ತ್ರಾಸು, ದಿನದ ಗುಳಿಗಿ, ಎಲ್ಲಾನೂ ಹೇಳಬೇಕು."

"ಗುಳಿಗಿ ಅಂದ್ರ... ಅತ್ತಿ ರಾತ್ರಿ ನಿದ್ದಿ ಗುಳಿಗಿ ತಗೋತಾರ್ರಿ, ಹುಮನಾಬಾದಿನಿಂದ ತರ್ತೀವಿ. ಅದನ್ನ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ."

"ಚೀಟಿ ಅದ ಏನು? ತಾ ಇಲ್ಲಿ. ನಾಳೆ ಹೊಲಿಗಿ ಬಿಚ್ಚಿಸಾಕ ಹೋದಾಗ ಅದನ್ನೂ ಫೈಲಿನಾಗ ಬರಸೋಣು."